ಎಳೆಕೂಸಿಗೆ ಸೋಂಕು: ಯಾವ ಆಂಟಿಬಯೋಟಿಕ್, ಯಾಕೆ, ಎಷ್ಟು ದಿನ? ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

"ಹುಟ್ಟಿ ನಾಲ್ಕು ದಿನ ಆಗಿಲ್ಲ, ಆಗಲೇ ಇನ್‌ಫೆಕ್ಷನ್ ಅಂತಾರೆ. ಒಳ್ಳೆ ಪವರ್‌ಫುಲ್ ಇಂಜೆಕ್ಷನ್ ಕೊಡಬಾರದಾ?" ಶಿಶುಗಳ ಐಸಿಯು ಹೊರಗೆ ಕಾಯುವ ಅಪ್ಪ, ಅಜ್ಜಿ, ಸೋದರಮಾವ ಎಲ್ಲರೂ ಸುತ್ತಿಬಳಸಿ ಕೇಳುವುದು ಇದನ್ನೇ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಡೋಸ್ ಮಾತ್ರ ಎಲ್ಲೂ ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದು. ಕೂಸಿನ ತೂಕ, ಎಷ್ಟು ತಿಂಗಳಿಗೆ ಹುಟ್ಟಿತು, ಹುಟ್ಟಿ ಎಷ್ಟು ದಿನವಾಯಿತು ಎಂಬುದರ ಮೇಲೆ ಡೋಸ್ ಬದಲಾಗುತ್ತದೆ. ಅದನ್ನು ಲೆಕ್ಕ ಹಾಕಬೇಕಾದವರು ಕೂಸನ್ನು ಎದುರಿಗೆ ನೋಡುತ್ತಿರುವ ಡಾಕ್ಟರ್.

ಡಾಕ್ಟರ್ 'ಸೆಪ್ಸಿಸ್' ಅಂದರು. ಹಾಗಂದರೆ ಏನು?

ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು, ಅದರಿಂದ ಇಡೀ ಮೈ ಹದಗೆಡುವ ಸ್ಥಿತಿ. ಊರ ಕಡೆ 'ರಕ್ತಕ್ಕೆ ನಂಜೇರಿದೆ' ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಹುಟ್ಟಿದ ಮೊದಲ 28 ದಿನದೊಳಗೆ ಬಂದರೆ ನವಜಾತ ಶಿಶುವಿನ ಸೆಪ್ಸಿಸ್. ಇದರ ಜೊತೆಗೇ ಶ್ವಾಸಕೋಶಕ್ಕೆ ಸೋಂಕು ತಗಲಿದರೆ ನ್ಯುಮೋನಿಯಾ. ಮಿದುಳಿನ ಪೊರೆಗೆ ತಗಲಿದರೆ ಮೆನಿಂಜೈಟಿಸ್. ದೊಡ್ಡವರ ಮೈ ಸೋಂಕನ್ನು ಒಂದು ಜಾಗದಲ್ಲಿ ಕಟ್ಟಿಹಾಕಲು ನೋಡುತ್ತದೆ. ಎಳೆಕೂಸಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೇ ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ಸುಸ್ತಾಗಿ ಬೀಳಬಹುದು.

ಮಗು ಮನೆಗೇ ಬಂದಿಲ್ಲ. ಸೋಂಕು ಎಲ್ಲಿಂದ ಬಂತು?

ಎರಡು ದಾರಿ. ಮೊದಲ 72 ಗಂಟೆಯೊಳಗೆ ಬಂದಿದ್ದು ಹೆಚ್ಚಾಗಿ ಹೆರಿಗೆಯ ದಾರಿಯಲ್ಲಿ ಬಂದದ್ದು ಎಂದು ಪುಸ್ತಕಗಳು ಹೇಳುತ್ತವೆ. ಗರ್ಭದ ನೀರು ಒಡೆದು 18 ಗಂಟೆ ದಾಟಿದ್ದರೆ, ಹೆರಿಗೆ ವೇಳೆ ತಾಯಿಗೆ ಜ್ವರವಿದ್ದರೆ, ತಿಂಗಳು ತುಂಬದೆ ಹುಟ್ಟಿದ್ದರೆ ಅಪಾಯ ಜಾಸ್ತಿ. ಆಮೇಲೆ ಬಂದದ್ದು ಸುತ್ತಮುತ್ತಲಿನಿಂದ. ಮುಟ್ಟುವ ಕೈ, ಡ್ರಿಪ್ ಹಾಕಿದ ಸೂಜಿ, ಉಸಿರಾಟದ ಪೈಪು, ಹೊಕ್ಕುಳು.

ನಮ್ಮ ದೇಶದಲ್ಲಿ ಈ ಗೆರೆ ಅಷ್ಟು ಸ್ಪಷ್ಟವಾಗಿಲ್ಲ. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಐಸಿಯು ಸೇರಿದ 13,530 ಕೂಸುಗಳನ್ನು ಅದರಲ್ಲಿ ಗಮನಿಸಿದರು. ಸೆಪ್ಸಿಸ್ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಪಾಲು ಮೊದಲ 72 ಗಂಟೆಯಲ್ಲೇ ಬಂದಿದ್ದವು. ಆದರೆ ಸಿಕ್ಕಿದ ಬ್ಯಾಕ್ಟೀರಿಯಾಗಳು ಆಸ್ಪತ್ರೆಯೊಳಗೆ ಓಡಾಡುವಂಥವು: ಅಸಿನೆಟೋಬ್ಯಾಕ್ಟರ್ 22 ಶೇಕಡ, ಕ್ಲೆಬ್ಸಿಯೆಲ್ಲಾ 17, ಇ. ಕೋಲಿ 14. ಅಮೆರಿಕ, ಯುರೋಪಿನಲ್ಲಿ ಮೊದಲ ದಿನಗಳ ಸೋಂಕಿಗೆ ಮುಖ್ಯ ಕಾರಣ ಎನ್ನುವ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಇಲ್ಲಿ ಹಿಂದಿನ ಸಾಲಿನಲ್ಲಿತ್ತು. ಹಾಗಾಗಿ ಬಾಣಂತಿ ಏನೋ ತಿಂದಳು, ಎಲ್ಲೋ ತಣ್ಣೀರು ಮುಟ್ಟಿದಳು ಎಂದು ಅವಳ ಮೇಲೆ ಹೊರಿಸುವುದು ಶುದ್ಧ ಅನ್ಯಾಯ.

ಮನೆಯಲ್ಲಿ ನಮಗೆ ಗೊತ್ತಾಗುವುದು ಹೇಗೆ? ಜ್ವರ ಬರುತ್ತಾ?

ಬರಬಹುದು, ಬರದೇ ಇರಬಹುದು. ಎಷ್ಟೋ ಕೂಸುಗಳಿಗೆ ಜ್ವರದ ಬದಲು ಮೈ ತಣ್ಣಗಾಗುತ್ತದೆ. ಇದನ್ನು ಮನೆಯವರು ಬೇಗ ಗಮನಿಸುವುದಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಸೆಲ್ಸಿಯಸ್ ಲೆಕ್ಕದಲ್ಲಿ 36.5ರಿಂದ 37.5 ಇರಬೇಕು. 38 ಮುಟ್ಟಿದರೂ ಅಪಾಯ, 35.5ಕ್ಕಿಂತ ಇಳಿದರೂ ಅಷ್ಟೇ ಅಪಾಯ.

ಎಲ್ಲಕ್ಕಿಂತ ಮೊದಲು ಕಾಣುವ ಗುರುತು ಹಾಲು. ನಿನ್ನೆವರೆಗೆ ಚೆನ್ನಾಗಿ ಚೀಪುತ್ತಿದ್ದ ಮಗು ಇವತ್ತು ಎದೆಗೆ ಹಾಕಿದರೆ ಬಾಯಿ ಬಿಡುತ್ತಿಲ್ಲ ಎಂದರೆ ಕಾಯಬೇಡಿ. ಮುಟ್ಟಿ ಎಬ್ಬಿಸಿದರಷ್ಟೇ ಕೈಕಾಲು ಆಡಿಸುವುದು, ಸುಮ್ಮನಿರುವಾಗ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರು, ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಸೇದುವುದು, ಫಿಟ್ಸ್, ಇವುಗಳಲ್ಲಿ ಒಂದೇ ಒಂದು ಇದ್ದರೂ ಆಸ್ಪತ್ರೆಗೆ ಹೊರಡಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಳೆಕೂಸಿನ ಉಸಿರು ಒಮ್ಮೆ ಜೋರು, ಒಮ್ಮೆ ನಿಧಾನ ಇರುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

"ದೃಷ್ಟಿಯಾಗಿರಬೇಕು, ನಾಳೆ ನೋಡೋಣ" ಎಂಬ ಮಾತು ಬಂದರೆ, ದೃಷ್ಟಿ ತೆಗೆಯುವುದಕ್ಕೆ ಎರಡು ನಿಮಿಷ ಸಾಕು, ತೆಗೆದು ಗಾಡಿ ಹತ್ತಿ. ನಾಳೆಯವರೆಗೆ ಕಾಯುವುದು ಮಾತ್ರ ಬೇಡ. ಬರೆ ಹಾಕುವುದಂತೂ ಬೇಡವೇ ಬೇಡ. ಸುಟ್ಟ ಗಾಯವೇ ಇನ್ನೊಂದು ಸೋಂಕಿಗೆ ಬಾಗಿಲು.

ಇಷ್ಟು ಸಣ್ಣ ಮಗುವಿಗೆ ಅಷ್ಟೊಂದು ರಕ್ತ ಯಾಕೆ ತೆಗೆಯುತ್ತಾರೆ?

ಮೂರು ಕಿಲೋ ಮಗುವಿನ ಮೈಯಲ್ಲಿ ಸುಮಾರು ಕಾಲು ಲೀಟರ್ ರಕ್ತವಿರುತ್ತದೆ. ರಕ್ತವನ್ನು ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಬೇಕಾದದ್ದು ಒಂದು ಮಿಲಿಲೀಟರ್. ಅದಕ್ಕಿಂತ ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ಇದ್ದರೂ ಸಿಗದೇ ಹೋಗಬಹುದು.

ಈ ಕಲ್ಚರ್ ಒಂದೇ ನಿಜವಾದ ಸಾಕ್ಷಿ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಹೇಳುವುದು ಇದೇ. ಮೊದಲ ಆಂಟಿಬಯೋಟಿಕ್ ಕೊಡುವ ಮುಂಚೆಯೇ ರಕ್ತ ತೆಗೆಯಬೇಕು. ಔಷಧಿ ಹೋದ ಮೇಲೆ ತೆಗೆದರೆ ಅರೆಜೀವವಾದ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಬೆಳೆಯುವುದೇ ಇಲ್ಲ. ನೀವು ಒಂದೇ ಒಂದು ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ: "ಇಂಜೆಕ್ಷನ್ ಮುಂಚೆ ಬ್ಲಡ್ ಕಲ್ಚರ್ ಕಳಿಸಿದ್ದೀರಾ?"

ಸಿಆರ್‌ಪಿ ಅಂತ ಇನ್ನೊಂದು ಟೆಸ್ಟ್ ಇದೆ, ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಅಂಶವನ್ನು ಅಳೆಯುವುದು. ಅದು ಬೇಗ ಬರುತ್ತದೆ, ಆದರೆ ಸೋಂಕು ಶುರುವಾಗಿ ಎಂಟು ಹತ್ತು ಗಂಟೆಯಾದ ಮೇಲಷ್ಟೇ ಏರುತ್ತದೆ. ಕಷ್ಟದ ಹೆರಿಗೆಯಾದರೂ ಏರಬಹುದು. ಹಾಗಾಗಿ ಒಂದು ಸಿಆರ್‌ಪಿ ನೋಡಿ ಸೋಂಕು ಇದೆ, ಇಲ್ಲ ಎಂದು ತೀರ್ಮಾನ ಮಾಡಲಾಗದು. ಒಂದು ದಿನ ಬಿಟ್ಟು ಮತ್ತೆ ಮಾಡಿದಾಗಲೂ ಕಡಿಮೆಯೇ ಇದ್ದರೆ ಧೈರ್ಯ ಬರುತ್ತದೆ.

ಬೆನ್ನಿನಿಂದ ನೀರು ತೆಗೆದರೆ ಮಗುವಿನ ಕಾಲು ಹೋಗುತ್ತೆ ಅಂತಾರೆ, ನಿಜವಾ?

ಇಲ್ಲ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ. ಈ ಹೆದರಿಕೆಯಿಂದ ಮನೆಯವರು ಸಹಿ ಹಾಕಲು ಹಿಂಜರಿದರೆ ನಷ್ಟ ಮಗುವಿಗೇ. ಮೆನಿಂಜೈಟಿಸ್ ಇದೆಯೋ ಇಲ್ಲವೋ ತಿಳಿದರೆ ಔಷಧಿಯೂ ಬದಲಾಗುತ್ತದೆ, ದಿನಗಳೂ ಬದಲಾಗುತ್ತವೆ.

ರಿಪೋರ್ಟ್ ಬರುವ ಮೊದಲೇ ಆಂಟಿಬಯೋಟಿಕ್ ಶುರು ಮಾಡಿದರು. ಅಂದಾಜಿನ ಮೇಲೆ ಕೊಡೋದು ಸರೀನಾ?

ಸರಿ. ಕಾಯುವಷ್ಟು ಸಮಯ ಎಳೆಕೂಸಿಗೆ ಇರುವುದಿಲ್ಲ. ಆದರೆ ಈ ಅಂದಾಜು ಕಣ್ಣುಮುಚ್ಚಿ ಮಾಡಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೊದಲ ಜೋಡಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಎರಡೂ ಹಳೆಯವು, ಅಗ್ಗದವು. ಆಂಪಿಸಿಲಿನ್ ಸ್ಟ್ರೆಪ್ಟೊಕಾಕಸ್, ಎಂಟೆರೊಕಾಕಸ್, ಲಿಸ್ಟೀರಿಯಾದಂಥವನ್ನು ನೋಡಿಕೊಳ್ಳುತ್ತದೆ. ಜೆಂಟಾಮೈಸಿನ್ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದವನ್ನು. ಒಂದು ಔಷಧಿ ಬ್ಯಾಕ್ಟೀರಿಯಾದ ಗೋಡೆ ಸಡಿಲ ಮಾಡಿದರೆ, ಇನ್ನೊಂದು ಔಷಧಿ ಒಳಗೆ ನುಗ್ಗುತ್ತದೆ. ಹೊಸದಾಗಿ ಬಂದ, ಸೆಫಲೊಸ್ಪೊರಿನ್ ಎಂಬ ಗುಂಪಿನ ಎಷ್ಟೋ ದುಬಾರಿ ಆಂಟಿಬಯೋಟಿಕ್‌ಗಳಿಗೆ ಲಿಸ್ಟೀರಿಯಾ, ಎಂಟೆರೊಕಾಕಸ್ ಬಗ್ಗುವುದೇ ಇಲ್ಲ. ಬೆಲೆ ನೋಡಿ ಔಷಧಿ ಅಳೆಯಬಾರದು ಎನ್ನುವುದಕ್ಕೆ ಇದೊಂದೇ ಉದಾಹರಣೆ ಸಾಕು.

ಪಕ್ಕದ ಆಸ್ಪತ್ರೆಯಲ್ಲಿ ಬೇರೆ ಔಷಧಿ, ನಮ್ಮಲ್ಲಿ ಬೇರೆ. ಯಾರದ್ದು ಸರಿ?

ಇಬ್ಬರದ್ದೂ ಸರಿ ಇರಬಹುದು. ಒಂದೊಂದು ಐಸಿಯುನಲ್ಲಿ ಓಡಾಡುವ ಬ್ಯಾಕ್ಟೀರಿಯಾ ಬೇರೆ, ಅವು ಬಗ್ಗುವ ಔಷಧಿ ಬೇರೆ. ಹಿಂದಿನ ಆರು ತಿಂಗಳೋ ಒಂದು ವರ್ಷವೋ ತಮ್ಮ ಕಲ್ಚರ್‌ಗಳಲ್ಲಿ ಏನೇನು ಬೆಳೆಯಿತು, ಯಾವುದಕ್ಕೆ ಯಾವ ಔಷಧಿ ನಾಟಿತು ಎಂದು ಒಳ್ಳೆಯ ಆಸ್ಪತ್ರೆಗಳು ಒಂದು ಪಟ್ಟಿ ಮಾಡಿಡುತ್ತವೆ. ಅದನ್ನು ಆಂಟಿಬಯೋಗ್ರಾಮ್ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಜೆಂಟಾಮೈಸಿನ್ ಸೋಲುತ್ತಿದ್ದರೆ ಅಮಿಕಾಸಿನ್, ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್‌ನಂಥವು ಮೊದಲ ಸಾಲಿಗೆ ಬರುತ್ತವೆ.

ದೆಹಲಿಯ ಆ ಅಧ್ಯಯನದಲ್ಲಿ ಸಿಕ್ಕ ಅಸಿನೆಟೋಬ್ಯಾಕ್ಟರ್‌ಗಳಲ್ಲಿ 82 ಶೇಕಡ ಹಲವು ಬಗೆಯ ಔಷಧಿಗಳಿಗೆ ಬಗ್ಗದವು. ಅಂಥ ಕಡೆ ಪುಸ್ತಕದ ಜೋಡಿ ಹಿಡಿದು ಕೂತರೆ ಕೂಸು ಉಳಿಯುವುದಿಲ್ಲ. ಹಾಗೆಂದು ಮನೆಯಿಂದ ನೇರವಾಗಿ ಬಂದ, ಹಿಂದೆಂದೂ ಆಸ್ಪತ್ರೆಯಲ್ಲಿ ಮಲಗದ ಮಗುವಿಗೂ ದೊಡ್ಡ ಐಸಿಯು ಔಷಧಿಯನ್ನೇ ಕೊಡಬೇಕೆಂದಿಲ್ಲ. ಮಗು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಅಡ್ಮಿಟ್ ಆಗಿತ್ತು, ಯಾವ ಇಂಜೆಕ್ಷನ್ ಆಗಿದೆ ಎಂದು ಡಾಕ್ಟರ್ ಕೆದಕಿ ಕೇಳುವುದು ಇದಕ್ಕೇ. ಹಳೆಯ ಚೀಟಿ ಎಸೆಯಬೇಡಿ.

2018ರಿಂದ 2020ರ ನಡುವೆ ಭಾರತವೂ ಸೇರಿ 11 ದೇಶಗಳ 19 ಆಸ್ಪತ್ರೆಗಳಲ್ಲಿ 3,204 ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ 200ಕ್ಕೂ ಹೆಚ್ಚು ಬಗೆಯ ಔಷಧಿ ಜೋಡಿಗಳು ಬಳಕೆಯಲ್ಲಿದ್ದವು. ಒಂದೇ ಕಾಯಿಲೆಗೆ ಇನ್ನೂರು ದಾರಿ! ಇದರಲ್ಲಿ ಊರಿನ ಅಗತ್ಯವೆಷ್ಟು, ರೂಢಿಯೆಷ್ಟು ಎಂದು ಬಿಡಿಸುವುದು ಕಷ್ಟ.

ಹಾಗಾದರೆ ಮೊದಲ ದಿನವೇ ಎಲ್ಲಕ್ಕಿಂತ ಪವರ್‌ಫುಲ್ ಔಷಧಿ ಕೊಟ್ಟುಬಿಟ್ಟರೆ ಆಗಲ್ವಾ?

ಆಂಟಿಬಯೋಟಿಕ್‌ಗೆ 'ಪವರ್' ಎಂಬ ಒಂದೇ ಅಳತೆ ಇಲ್ಲ. ಆಂಪಿಸಿಲಿನ್‌ಗೆ ಬಗ್ಗುವ ಬ್ಯಾಕ್ಟೀರಿಯಾಗೆ ಆಂಪಿಸಿಲಿನ್ನೇ ಪವರ್‌ಫುಲ್. ಬಹಳ ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮೆರೊಪೆನೆಮ್ ಎಂಬ ಔಷಧಿ ಕೊಟ್ಟರೆ ಅದು ಎರಡು ಪಟ್ಟು ಬೇಗ ಸಾಯುವುದಿಲ್ಲ. ಮೆರೊಪೆನೆಮ್ ಮಾಡುವ ಹೆಚ್ಚಿನ ಕೆಲಸವೆಂದರೆ, ಸೋಂಕಿಗೆ ಸಂಬಂಧವೇ ಇಲ್ಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಬಳಿದು ಹಾಕುವುದು. ಹೊಲಕ್ಕೆಲ್ಲ ಒಂದೇ ಕಳೆನಾಶಕ ಹೊಡೆಯುತ್ತ ಹೋದರೆ ಕೊನೆಗೆ ಉಳಿಯುವುದು ಆ ಔಷಧಿಗೆ ಜಗ್ಗದ ಕಳೆ ಮಾತ್ರ. ಕರುಳಲ್ಲೂ ಅದೇ ಆಗುತ್ತದೆ.

ಇದು ಬರೀ ಊಹೆಯಲ್ಲ. ನೆದರ್ಲೆಂಡ್ಸ್‌ನಲ್ಲಿ ಎರಡು ಶಿಶು ಐಸಿಯುಗಳಲ್ಲಿ ಒಂದು ಪ್ರಯೋಗ ಮಾಡಿದರು. ಒಂದರಲ್ಲಿ ಪೆನಿಸಿಲಿನ್ ಮತ್ತು ಟೋಬ್ರಾಮೈಸಿನ್, ಇನ್ನೊಂದರಲ್ಲಿ ಅಮಾಕ್ಸಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಸೆಫೊಟ್ಯಾಕ್ಸಿಮ್. ಆರು ತಿಂಗಳ ಮೇಲೆ ಅದಲುಬದಲು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸೆಫೊಟ್ಯಾಕ್ಸಿಮ್ ಇದ್ದ ಕಡೆ ಕೊಟ್ಟ ಔಷಧಿಗೇ ಬಗ್ಗದ ಬ್ಯಾಕ್ಟೀರಿಯಾ ಮಕ್ಕಳ ಮೈಯಲ್ಲಿ ನೆಲೆಯೂರುವ ಸಾಧ್ಯತೆ 18 ಪಟ್ಟು. ಔಷಧಿ ಬದಲಾದಾಗ ಸಮಸ್ಯೆಯೂ ಆ ವಾರ್ಡಿನಿಂದ ಈ ವಾರ್ಡಿಗೆ ಬಂತು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು. ಮೊದಲು ಕೈಗೆತ್ತಿಕೊಳ್ಳಬೇಕಾದವು, ನೋಡಿಕೊಂಡು ಬಳಸಬೇಕಾದವು, ಕೊನೆಗೆಂದು ಎತ್ತಿಡಬೇಕಾದವು. ಆಂಪಿಸಿಲಿನ್, ಜೆಂಟಾಮೈಸಿನ್, ಅಮಿಕಾಸಿನ್ ಮೊದಲನೆಯದು. ಸೆಫೊಟ್ಯಾಕ್ಸಿಮ್, ಮೆರೊಪೆನೆಮ್ ಎರಡನೆಯದು. ಕೊಲಿಸ್ಟಿನ್ ಮೂರನೆಯದು. ಕೊಲಿಸ್ಟಿನ್ ಕಿಡ್ನಿಗೆ ಕಷ್ಟ ಕೊಡುವ ಔಷಧಿ. ಅದಕ್ಕೂ ಬಗ್ಗದಿದ್ದರೆ ಡಾಕ್ಟರ್ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ.

ಮಗು ತೀರಾ ಗಂಭೀರವಾಗಿದ್ದರೆ, ಆ ಐಸಿಯುನಲ್ಲಿ ಬಗ್ಗದ ಬ್ಯಾಕ್ಟೀರಿಯಾ ಇವೆಯೆಂದು ಗೊತ್ತಿದ್ದರೆ ಮೆರೊಪೆನೆಮ್‌ನಿಂದಲೇ ಶುರು ಮಾಡಬೇಕಾಗುತ್ತದೆ. ತಪ್ಪಲ್ಲ. ಎರಡು ದಿನದ ಮೇಲೆ ರಿಪೋರ್ಟ್ ನೋಡಿ ಕೆಳಗಿಳಿಯದೇ ಅದನ್ನೇ ಮುಂದುವರಿಸುವುದು ತಪ್ಪು.

ಕಲ್ಚರ್ ರಿಪೋರ್ಟ್‌ನಲ್ಲಿ ಹತ್ತು ಔಷಧಿ ಮುಂದೆ 'ಎಸ್' ಅಂತಿದೆ. ಇದನ್ನೇ ಯಾಕೆ ಆರಿಸಿದರು?

'ಎಸ್' ಎಂದರೆ ಬ್ಯಾಕ್ಟೀರಿಯಾ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. ಹತ್ತು 'ಎಸ್' ಇದ್ದರೆ ಡಾಕ್ಟರ್ ನೋಡುವುದು ಎರಡು ಮೂರು ಸಂಗತಿ. ಸೋಂಕು ಇರುವ ಜಾಗಕ್ಕೆ ಔಷಧಿ ಮುಟ್ಟುತ್ತದೆಯೇ? ಜೆಂಟಾಮೈಸಿನ್ ರಕ್ತದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಮಿದುಳಿನ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಮೆನಿಂಜೈಟಿಸ್ ಇದ್ದರೆ ರಿಪೋರ್ಟ್‌ನಲ್ಲಿ 'ಎಸ್' ಇದ್ದರೂ ಅದೊಂದನ್ನೇ ನಂಬುವಂತಿಲ್ಲ. ಸೆಫೊಟ್ಯಾಕ್ಸಿಮ್ ಬೇಕು, ಅದಕ್ಕೂ ಬಗ್ಗದಿದ್ದರೆ ಮೆರೊಪೆನೆಮ್. ಎರಡನೆಯದು, ಈ ಮಗುವಿನ ಕಿಡ್ನಿಗೆ, ಕಾಮಾಲೆಗೆ ಅದು ಹೊಂದುತ್ತದೆಯೇ? ಇವೆಲ್ಲ ಸರಿಯಿದ್ದರೆ, ಉಳಿದವುಗಳಲ್ಲಿ ಕಡಿಮೆ ಬ್ಯಾಕ್ಟೀರಿಯಾಗಳನ್ನು ಕೆಣಕುವ ಔಷಧಿಯೇ ಉತ್ತಮ.

ರಿಪೋರ್ಟ್‌ನಲ್ಲಿ ಎಂಐಸಿ ಎಂದು ಅಂಕಿಗಳೂ ಇರುತ್ತವೆ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಔಷಧಿ ಬೇಕು ಎಂಬುದರ ಲೆಕ್ಕ. ಸಣ್ಣ ಅಂಕಿ ಇರುವ ಔಷಧಿಯೇ ಜೋರು ಎಂದು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ. ಪ್ರತಿ ಔಷಧಿಗೂ ಅದರದೇ ಗಡಿ ಇದೆ.

ಇನ್ನೊಂದು ವಿಷಯ. ಚರ್ಮದ ಮೇಲೆ ಸದಾ ಇರುವ ಕೆಲವು ಸ್ಟೆಫೈಲೊಕಾಕಸ್‌ಗಳು ರಕ್ತ ತೆಗೆಯುವಾಗ ಬಾಟಲಿಗೆ ಸೇರಿಕೊಳ್ಳುವುದುಂಟು. ಮಗು ಚೆನ್ನಾಗಿದ್ದರೆ ಡಾಕ್ಟರ್ ಅದನ್ನು ಲೆಕ್ಕಕ್ಕೆ ಹಿಡಿಯದೆ ಇರಬಹುದು. ಅದು ಉದಾಸೀನವಲ್ಲ.

ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಇಂಜೆಕ್ಷನ್ ನಿಲ್ಲಿಸಿದರೆ ಮತ್ತೆ ಬರಲ್ವಾ?

ಮಗು ಚುರುಕಾಗಿದ್ದು, ಸಿಆರ್‌ಪಿ ಏರದೆ, ಕಲ್ಚರ್ ಖಾಲಿ ಇದ್ದರೆ ನಿಲ್ಲಿಸುವುದೇ ಒಳ್ಳೆಯದು. ಮೆಷಿನ್‌ಗೆ ಹಾಕಿದ ಬಾಟಲಿಯಲ್ಲಿ ನಿಜವಾದ ಸೋಂಕು ಇದ್ದರೆ ಹೆಚ್ಚಿನ ಸಲ ಒಂದೂವರೆ ದಿನದೊಳಗೆ ಸುಳಿವು ಸಿಗುತ್ತದೆ. ಚಿಕಿತ್ಸೆಗೆ ನಿಯಮ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ 36 ಗಂಟೆಗೇ ನಿಲ್ಲಿಸುವ ಬಗ್ಗೆ ಯೋಚಿಸಿ ಎನ್ನುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 48 ಗಂಟೆ ನೋಡುತ್ತಾರೆ.

"ಇರಲಿ, ಐದು ದಿನದ ಕೋರ್ಸ್ ಮುಗಿಸಿ" ಎನ್ನುವ ಮನೆಯವರು ಬಹಳ. ಕೋರ್ಸ್ ಮುಗಿಸಬೇಕು ಎಂಬ ಮಾತು ಸೋಂಕು ಖಚಿತವಾದವರಿಗೆ. ತೀರಾ ಕಡಿಮೆ ತೂಕದ ಮಕ್ಕಳಿಗೆ ಕಲ್ಚರ್ ಖಾಲಿಯಿದ್ದರೂ ಐದು ದಿನ ಮತ್ತು ಮೇಲೆ ಆಂಟಿಬಯೋಟಿಕ್ ಕೊಟ್ಟಲ್ಲಿ ಕರುಳು ಕೊಳೆಯುವ ಎನ್‌ಇಸಿ ಕಾಯಿಲೆ, ಸಾವು ಎರಡೂ ಜಾಸ್ತಿ ಕಂಡಿವೆ ಎಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಸೋಂಕು ಖಚಿತವಾದರೆ ಎಷ್ಟು ದಿನ?

ರಕ್ತದ ಸೋಂಕಿಗೆ ಸಾಮಾನ್ಯವಾಗಿ 10ರಿಂದ 14 ದಿನ. ಇ. ಕೋಲಿ, ಕ್ಲೆಬ್ಸಿಯೆಲ್ಲಾದಿಂದ ಮೆನಿಂಜೈಟಿಸ್ ಆದರೆ ಕಡಿಮೆಯೆಂದರೆ 21 ದಿನ. ಮೂಳೆ, ಕೀಲಿಗೆ ತಗಲಿದ್ದರೆ ನಾಲ್ಕರಿಂದ ಆರು ವಾರ.

ದೊಡ್ಡ ಮಗುವಿಗೆ ಬರೆದ ಔಷಧಿ ಮನೆಯಲ್ಲಿದೆ. ಎರಡು ಹನಿ ಹಾಕಬಹುದಾ?

ಬೇಡ. ಕೂಸಿನ ಲಿವರ್, ಕಿಡ್ನಿ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಇದನ್ನು ವೈದ್ಯಲೋಕ ಕಲಿತದ್ದೇ ಪೆಟ್ಟು ತಿಂದು. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟ ಎಳೆಕೂಸುಗಳು ಮೈ ಬೂದಿ ಬಣ್ಣಕ್ಕೆ ತಿರುಗಿ ಸತ್ತವು. ಆ ಔಷಧಿಯನ್ನು ಕರಗಿಸುವ ಶಕ್ತಿ ಅವುಗಳ ಲಿವರ್‌ಗೆ ಇರಲಿಲ್ಲ. ಸಲ್ಫಾ ಔಷಧಿ ಕೊಟ್ಟಲ್ಲಿ ಕಾಮಾಲೆಯ ಹಳದಿ ಮಿದುಳಿಗೆ ಏರಿತು. ದೊಡ್ಡವರಿಗೆ ಸಲೀಸಾಗಿ ಬರೆಯುವ ಸೆಫ್ಟ್ರಿಯಾಕ್ಸೋನ್ ಕೂಡ ಕಾಮಾಲೆ ಇರುವ ಕೂಸಿಗೆ ಒಗ್ಗದು. ಕ್ಯಾಲ್ಸಿಯಂ ಇರುವ ಡ್ರಿಪ್ ನಡೆಯುತ್ತಿರುವ ಎಳೆಕೂಸಿಗಂತೂ ಕೊಡಲೇಬಾರದು. ರಕ್ತನಾಳದಲ್ಲಿ ಹರಳುಗಟ್ಟಿ ಜೀವ ಹೋದದ್ದಿದೆ.

ಜೆಂಟಾಮೈಸಿನ್, ಅಮಿಕಾಸಿನ್‌ನಿಂದ ಕಿವಿ ಕೇಳಿಸದೇ ಹೋಗುತ್ತಾ?

ಸರಿಯಾದ ಅಂತರದಲ್ಲಿ ಕೊಟ್ಟರೆ ಹಾಗಾಗುವುದು ಅಪರೂಪ. ತಿಂಗಳು ತುಂಬದ ಮಕ್ಕಳಿಗೆ 36 ಗಂಟೆಗೋ 48 ಗಂಟೆಗೋ ಒಮ್ಮೆ ಕೊಡುವುದು ಇದಕ್ಕೇ. "ಇವತ್ತು ಇಂಜೆಕ್ಷನ್ನೇ ಕೊಟ್ಟಿಲ್ಲ" ಎಂದು ನರ್ಸ್ ಮೇಲೆ ರೇಗುವ ಮುಂಚೆ ಕೇಳಿ ತಿಳಿದುಕೊಳ್ಳಿ. ಕೆಲವು ಮನೆತನಗಳಲ್ಲಿ ತಾಯಿಯ ಕಡೆಯಿಂದ ಬರುವ ಒಂದು ಬದಲಾವಣೆಯಿಂದಾಗಿ ಒಂದೇ ಡೋಸ್‌ಗೂ ಕಿವಿ ಹೋಗಬಹುದು. ತಾಯಿ, ಅಜ್ಜಿ, ಸೋದರಮಾವಂದಿರಲ್ಲಿ ಯಾರಿಗಾದರೂ ಇಂಜೆಕ್ಷನ್ ಆದ ಮೇಲೆ ಕಿವುಡು ಬಂದಿದ್ದರೆ ಮೊದಲೇ ಹೇಳಿ.

ಊರು ದೂರ. ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಏನು ಮಾಡೋದು?

108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಎಳೆಕೂಸುಗಳಿಗೆಂದೇ ಎಸ್‌ಎನ್‌ಸಿಯು ಎಂಬ ಬೇರೆ ಘಟಕವಿದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಕೂಸಿನ ಚಿಕಿತ್ಸೆ, ಔಷಧಿ, ಓಡಾಟ ಉಚಿತ. ಹೊರಡುವ ಮುಂಚೆ ಮೊದಲ ಡೋಸ್ ಕೊಡಲು ಎಎನ್‌ಎಂ ಸಿಸ್ಟರ್‌ಗೂ 2014ರಿಂದ ಅನುಮತಿ ಇದೆ: ಜೆಂಟಾಮೈಸಿನ್ ಇಂಜೆಕ್ಷನ್, ಬಾಯಿಗೆ ಅಮಾಕ್ಸಿಸಿಲಿನ್. ಹೋಗಲು ಸಾಧ್ಯವೇ ಇಲ್ಲದ ಮನೆಗಳಿಗೆ ಇದೇ ಜೋಡಿಯನ್ನು ಏಳು ದಿನ ಕೊಡುವ ದಾರಿಯೂ ಇದೆ.

ದಾರಿಯುದ್ದಕ್ಕೂ ಕೂಸನ್ನು ತಾಯಿಯ ಬರೀ ಎದೆಗೆ ಒತ್ತಿಕೊಂಡು ಮೇಲೆ ಹೊದಿಸಿ. ಮೈ ತಣ್ಣಗಾದರೆ ಮಗುವಿನ ಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಸೋಂಕು ಬರದ ಹಾಗೆ ತಡೆಯೋಕೆ ಏನು ಮಾಡಬೇಕು?

ಕೈ ತೊಳೆಯುವುದು, ಹುಟ್ಟಿದ ಗಂಟೆಯೊಳಗೆ ಎದೆಹಾಲು, ಹಳದಿ ಗಿಣ್ಣುಹಾಲನ್ನು ಚೆಲ್ಲದಿರುವುದು. ಇವು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಡೆಯುವ ಕೆಲವು ತಪ್ಪುಗಳನ್ನು ಹೇಳಬೇಕು. ಜೇನು, ಸಕ್ಕರೆ ನೀರು, ತೇಯ್ದ ಬಜೆ ನೆಕ್ಕಿಸುವುದು. ಬೀದಿಯಲ್ಲಿ ಬರುವ ಕತ್ತೆ ಹಾಲನ್ನು ಹಸಿಯಾಗಿ ಒಳಲೆಯಲ್ಲಿ ಕುಡಿಸುವುದು. ಹೊಕ್ಕುಳಿಗೆ ಹರಳೆಣ್ಣೆ, ಅರಿಶಿನ, ಬೂದಿ ಹಚ್ಚುವುದು. ಹೊಕ್ಕುಳು ಒಣಗಿರಬೇಕು, ಅಷ್ಟೇ. ಕೂಸಿನ ಎದೆ ಉಬ್ಬಿದೆಯೆಂದು ಹಿಂಡುವುದು ಇನ್ನೊಂದು. ತಾಯಿಯ ಹಾರ್ಮೋನಿನಿಂದ ಹಾಗೆ ಉಬ್ಬುತ್ತದೆ, ತಾನೇ ಇಳಿಯುತ್ತದೆ. ಹಿಂಡಿದರೆ ಕೀವು ತುಂಬಿ ಕುಯ್ಯಬೇಕಾದ ಸ್ಥಿತಿ ಬರುತ್ತದೆ.

ಕಡಿಮೆ ತೂಕದ ಮಗುವಿಗೆ ಕಾಂಗರೂ ಆರೈಕೆ, ಅಂದರೆ ತಾಯಿಯ ಬರೀ ಎದೆಗೆ ಒತ್ತಿಟ್ಟುಕೊಳ್ಳುವುದು, ಔಷಧಿಯಷ್ಟೇ ಬೆಲೆಯದು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಲ್ಲಿ ಸಾವು 25 ಶೇಕಡ ಕಡಿಮೆಯಾಯಿತೆಂದು ಭಾರತವೂ ಸೇರಿ ಐದು ದೇಶಗಳ ಅಧ್ಯಯನ 2021ರಲ್ಲಿ ಹೇಳಿತು. ಸೆಪ್ಸಿಸ್ ಕೂಡ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆ, ಮನೆ ಎರಡೂ ಕಡೆ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದಾರೆ.

ಹೆರಿಗೆ ವೇಳೆ ತಾಯಿಗೇ ಆಂಟಿಬಯೋಟಿಕ್ ಕೊಟ್ಟರೆ ಮಗುವಿಗೆ ರಕ್ಷಣೆ ಸಿಗಲ್ವಾ?

ಈ ಆಸೆಯನ್ನು ಬೆಳಗಾವಿಯೂ ಸೇರಿದಂತೆ ಏಳು ದೇಶಗಳ ಊರುಗಳಲ್ಲಿ 29,278 ಗರ್ಭಿಣಿಯರಲ್ಲಿ ಪರೀಕ್ಷಿಸಿದರು. ನೋವು ಶುರುವಾದಾಗ ಅಜಿತ್ರೋಮೈಸಿನ್ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ಸೆಪ್ಸಿಸ್ ಇಳಿಯಿತು, ಕೂಸುಗಳಲ್ಲಿ ಇಳಿಯಲಿಲ್ಲ. ನೀರು ಬೇಗ ಒಡೆದಿದ್ದರೆ, ತಾಯಿಗೆ ಜ್ವರವಿದ್ದರೆ ಕೊಡುವುದು ಬೇರೆ ಮಾತು, ಅದು ಕೊಡಲೇಬೇಕು.

ಪ್ರೋಬಯೋಟಿಕ್ ಪುಡಿ ತಂದು ಕೊಡಬಹುದಾ?

2017ರಲ್ಲಿ ಒಡಿಶಾದ ಹಳ್ಳಿಗಳ ಅಧ್ಯಯನ ಸುದ್ದಿಯಾಯಿತು. ಆರೋಗ್ಯವಾಗಿ ಹುಟ್ಟಿದ ಮಕ್ಕಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಂದು ಬಗೆಯ ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟಾಗ ಸೆಪ್ಸಿಸ್ ಅಥವಾ ಸಾವು 9 ಶೇಕಡದಿಂದ 5.4ಕ್ಕೆ ಇಳಿದಿತ್ತು. ಆಶೆ ಹುಟ್ಟಿಸುವ ಸಂಗತಿಯೇ. ಆದರೆ ಅದು ನಿರ್ದಿಷ್ಟವಾದ ಒಂದು ತಳಿ. ಅಂಗಡಿಯ ಪೊಟ್ಟಣದಲ್ಲಿ ಇರುವುದು ಅದೇ ಅಲ್ಲ. ತಿಂಗಳು ತುಂಬದ ಮಕ್ಕಳಿಗೆ ಇಂಥ ಪುಡಿಯಿಂದಲೇ ರಕ್ತದ ಸೋಂಕು ಬಂದದ್ದಿದೆ, 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ್ದು ಅದಕ್ಕೇ. ನೀವಾಗಿ ಕೊಡಬೇಡಿ.

ಡಿಸ್‌ಚಾರ್ಜ್ ಆಗುವಾಗ ಏನು ಕೇಳಿ ಪಡೆಯಬೇಕು?

ಚೀಟಿಯಲ್ಲಿ ಬರೀ 'ಸೆಪ್ಸಿಸ್' ಎಂದಿದ್ದರೆ ಸಾಲದು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ, ಎಷ್ಟು ದಿನ ಎಂದು ಬರೆಸಿಕೊಳ್ಳಿ. ಕಲ್ಚರ್ ರಿಪೋರ್ಟ್‌ನ ಪ್ರತಿ ತೆಗೆದುಕೊಳ್ಳಿ. ಮೆನಿಂಜೈಟಿಸ್ ಆಗಿದ್ದರೆ, ಜೆಂಟಾಮೈಸಿನ್ ಥರದ ಔಷಧಿ ಜಾಸ್ತಿ ದಿನ ಹೋಗಿದ್ದರೆ, ಮೂರು ತಿಂಗಳೊಳಗೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಎಳೆಕೂಸುಗಳಿಗೆ ಈ ಪರೀಕ್ಷೆ ನಡೆಯುತ್ತದೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಂದಾಗ ತೂಕ, ಮೈಬಿಸಿ ನೋಡಲು ಹೇಳಿ, ಆಸ್ಪತ್ರೆಯ ಚೀಟಿ ಅವರಿಗೂ ತೋರಿಸಿ.